ಗೊಂಬೆಗೆ ಚಳಿಯಾಗಲ್ಲ

ಹೊಸ ಟೆಂಟು, ಹೊಸ ಸ್ಲೀಪಿಂಗ್ ಬ್ಯಾಗು, ಹೊಸ ಸ್ಟವ್ ಎಲ್ಲಾ ಮನೆಗೆ ಬಂದು ಕೂತ ಮೇಲೆ ಬೇಸಿಗೆ ಬರಲಿ ಅಂತ ಕಾಯುವುದು ಯಾರಿಂದಾಗುತ್ತದೆ ಹೇಳಿ? ಬೆಟ್ಟದ ಮೇಲೆ ಮರಗಳ ನೆರಳಲ್ಲಿ ಇನ್ನೂ ಅಲ್ಲಲ್ಲಿ ಹಿಮ ಉಳಿದಿದೆ ಅಂತ ಗೊತ್ತಿತ್ತು. ‘ಒಂದು ರಾತ್ರಿ ತಾನೆ’ ಅಂತ ಗೆಳೆಯನನ್ನೂ ಹೊರಡಿಸಿದೆ. ಅವನ ಸಾಮಾನೆಲ್ಲ ಹಳೆಯದು. ಅವನ ಬ್ಯಾಗಿನ ಬಣ್ಣ ಮೊದಲು ಯಾವುದಿತ್ತು ಅಂತ ಅವನಿಗೇ ನೆನಪಿಲ್ಲ.

ನಾನು ಮಾತ್ರ ಎಲ್ಲವನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ತುಂಬಿದ್ದು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿದೆ. ಭಾರ ಕಮ್ಮಿ ಮಾಡುವವರ ಸಂಪ್ರದಾಯ ಅದು. ಹಾಗೆ ಉಳಿಸಿದ ಗ್ರಾಂಗಳ ಖುಷಿಯಲ್ಲಿ ಒಂದು ಮಡಚುವ ಕುರ್ಚಿಯನ್ನು ಸೇರಿಸಿಕೊಂಡೆ.

ಹೊಸ ಬೆನ್ನುಚೀಲಕ್ಕೆ ಎಷ್ಟು ಪಟ್ಟಿಗಳಿರಬಹುದೋ ಅಷ್ಟೂ ಇದ್ದವು. ಭಾರದ ಬಹುಪಾಲು ಹೆಗಲ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಅದಕ್ಕೆ ನೋಡಬೇಕಾದದ್ದು ನಮ್ಮ ಎತ್ತರವಲ್ಲ, ಬೆನ್ನಿನ ಉದ್ದ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗೆ ಅಳೆಯಬೇಕು. ಅಳೆದೇ ತಂದಿದ್ದೆ. ಆದರೂ ಸೊಂಟದ ಪಟ್ಟಿ ಬಿಗಿ ಮಾಡಿದರೆ ಹೆಗಲಿನದು ಸಡಿಲವಾಗುತ್ತಿತ್ತು. ಹೆಗಲಿನದು ಎಳೆದರೆ ಎದೆಯದು ಕತ್ತಿಗೆ ಬರುತ್ತಿತ್ತು.

1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ನಡಿಗೆಗೆ ಒಂದು ಲೆಕ್ಕ ಹಾಕಿಕೊಟ್ಟಿದ್ದಾನೆ. ಗಂಟೆಗೆ ಸುಮಾರು 5 ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಒಳ್ಳೆಯ ಲೆಕ್ಕವೇ. ಆದರೆ ಪಟ್ಟಿ ಬಿಗಿ ಮಾಡಲು ನಿಲ್ಲುವ ಹೊತ್ತನ್ನು ಪಾಪ ಅವನು ಸೇರಿಸಿಲ್ಲ. ನಾವು ಜಾಗ ತಲುಪುವಷ್ಟರಲ್ಲಿ ಬಿಸಿಲು ಹೋಗಿತ್ತು.

ಟೆಂಟಿಗೆ ನಾನು ಹುಡುಕಿದ್ದು ತೊರೆಯ ಪಕ್ಕದ ಸಮತಟ್ಟು ಜಾಗ. ತಣ್ಣನೆಯ ಗಾಳಿ ಭಾರ, ರಾತ್ರಿ ಅದೆಲ್ಲ ತಗ್ಗಿಗೆ ಇಳಿದು ಕೂರುತ್ತದೆ ಅಂತ ಗೆಳೆಯ ಹೇಳಿದ. ಮೇಲೆ ಬಂದು ಮಲಗು ಅಂದ. ಮೇಲೆ ಹೋದರೆ ತೊರೆಯ ಸದ್ದು ಕೇಳಿಸಲ್ಲ ಅಲ್ವಾ! ಅವನು ಮೇಲೆ, ನಾನು ಕೆಳಗೆ ಅಂತಾಯಿತು.

ಗೂಟ ಹೊಡೆಯಲು ಶುರು ಮಾಡಿದೆ. ಮಣ್ಣು ಮೇಲೆ ಎರಡು ಇಂಚು ಮೆತ್ತಗಿತ್ತು, ಅದರ ಕೆಳಗೆ ಹೆಪ್ಪುಗಟ್ಟಿತ್ತು. ಹಗುರ ಅಂತ ನಾನು ಹೆಮ್ಮೆಪಟ್ಟಿದ್ದ ಅಲ್ಯೂಮಿನಿಯಂ ಗೂಟ ಎರಡು ಇಂಚು ಸಲೀಸಾಗಿ ಇಳಿಯಿತು. ಕಲ್ಲಿನಿಂದ ಇನ್ನೊಂದು ಏಟು ಕೊಟ್ಟೆ. ಸೊಂಟದಲ್ಲಿ ಬಗ್ಗಿ ನನಗೆ ನಮಸ್ಕಾರ ಮಾಡಿತು. ಮಿಕ್ಕವೂ ಅದನ್ನೇ ನೋಡಿ ಕಲಿತವು. ಕೊನೆಗೆ ಟೆಂಟಿನ ಹಗ್ಗಗಳನ್ನು ಕಲ್ಲುಗಳಿಗೆ ಕಟ್ಟಿದ್ದಾಯಿತು. ಒಂದು ಹಗ್ಗಕ್ಕೆ ಆ ಕುರ್ಚಿ.

ಸ್ಟವ್ ವಿಷಯ ಬೇಗ ಮುಗಿಸುತ್ತೇನೆ, ಅದೂ ಬೇಗನೇ ಮುಗಿಯಿತು. ನನ್ನ ಗ್ಯಾಸ್ ಡಬ್ಬಿಯಲ್ಲಿದ್ದದ್ದು ಬರೀ ಬ್ಯೂಟೇನ್. ಸುಮಾರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೆ ಅದು ಆವಿಯಾಗುವುದನ್ನೇ ಬಿಟ್ಟು ಡಬ್ಬಿಯೊಳಗೆ ದ್ರವವಾಗಿ ಸುಮ್ನೆ ಕೂರುತ್ತದೆ. ಐಸೋಬ್ಯೂಟೇನ್ ಆಗಿದ್ದರೆ ಸುಮಾರು −12ರವರೆಗೆ, ಪ್ರೊಪೇನ್ ಆಗಿದ್ದರೆ −42ರವರೆಗೆ ಕೈ ಹಿಡಿಯುತ್ತಿತ್ತು. ಮೊದಲೇ ಚಳಿ, ಅದರ ಜೊತೆಗೆ ಆ ಡಬ್ಬಿಯನ್ನು ಬಿಸಿ ಮಾಡಲು ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂತೆ. ಸ್ಟವ್ ನನ್ನನ್ನು ಬೆಚ್ಚಗೆ ಇಡಬೇಕಿತ್ತಲ್ವಾ? ಊಟದ ನೀರು ಕುದ್ದದ್ದು ಗೆಳೆಯನ ಬುಸುಗುಡುವ ಪೆಟ್ರೋಲ್ ಸ್ಟವ್ ಮೇಲೆ.

ಈಗ ಸ್ಲೀಪಿಂಗ್ ಬ್ಯಾಗಿಗೆ ಬರೋಣ. ಅದರ ಚೀಟಿಯ ಮೇಲೆ ದಪ್ಪಕ್ಷರದಲ್ಲಿ −4 ಡಿಗ್ರಿ ಅಂತಿತ್ತು. ನಡುರಾತ್ರಿ ಹಲ್ಲು ಕಟಕಟ ಅನ್ನುತ್ತಿರುವಾಗ ಟಾರ್ಚ್ ಹಾಕಿ ಚೀಟಿಯ ಸಣ್ಣಕ್ಷರ ಓದಿದೆ. −4 ಅನ್ನುವುದು ‘ಲಿಮಿಟ್’. ‘ಕಂಫರ್ಟ್’ ಅನ್ನುವುದು ಬೇರೆಯೇ ಇದೆ, ಅದು +2. ಈ ಅಂಕಿಗಳ ಹಿಂದೆ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ, ಹೆಸರು ಐಎಸ್‌ಒ 23537. ಅದರ ಪ್ರಕಾರ ಬ್ಯಾಗಿನೊಳಗೆ ಮಲಗಿ ನೋಡುವುದು ಮನುಷ್ಯನಲ್ಲ, ಒಳಗಿನಿಂದ ಬಿಸಿ ಮಾಡಿದ ಒಂದು ಗೊಂಬೆ. ಒಳ್ಳೆಯ ಒಳಉಡುಪು, ಕಾಲುಚೀಲ ಹಾಕಿಸಿ ಚಾಪೆಯ ಮೇಲೆ ಮಲಗಿಸುತ್ತಾರೆ. ಅದಕ್ಕೆ ನಡುರಾತ್ರಿ ಒಂದಕ್ಕೆ ಹೋಗುವ ಅವಸರವಿಲ್ಲ. ಹಾಗೆ ಸಿಕ್ಕ ಅಳತೆಯನ್ನು ಮನುಷ್ಯರ ಲೆಕ್ಕಕ್ಕೆ ತರುವಾಗ ‘ಲಿಮಿಟ್’ ಅಂದರೆ 25 ವಯಸ್ಸಿನ, 73 ಕೆಜಿ ತೂಕದ ಗಂಡಸು ಮುದುರಿ ಮಲಗಿ ಹೇಗೋ ರಾತ್ರಿ ಕಳೆಯುವ ಮಟ್ಟ. 25 ದಾಟಿದವರು, 73 ತಲುಪದವರು ಏನು ಮಾಡಬೇಕು ಅಂತ ಚೀಟಿಯಲ್ಲಿ ಇರಲಿಲ್ಲ.

ಚೀಟಿ ಸುಳ್ಳು ಹೇಳಿರಲಿಲ್ಲ, ಅದೇ ಬೇಜಾರು. ಸುಳ್ಳಾಗಿದ್ದರೆ ಬೈಯಬಹುದಿತ್ತು.

ಕೆಳಗೆ ಹಾಸಿದ್ದ ಗಾಳಿಹಾಸಿಗೆಯದು ಇನ್ನೊಂದು ಕತೆ. ನಾವು ಮಲಗಿದ ಕಡೆ ಬ್ಯಾಗಿನ ತುಪ್ಪುಳ ಅದುಮಿ ಹೋಗುತ್ತದೆ. ಹಾಗಾಗಿ ನೆಲದ ಚಳಿ ತಡೆಯುವುದು ಹಾಸಿಗೆಯೇ. ಅದು ಎಷ್ಟು ತಡೆಯುತ್ತದೆ ಅಂತ ಹೇಳುವುದು ಆರ್ ವ್ಯಾಲ್ಯೂ. 2ಕ್ಕಿಂತ ಕಮ್ಮಿ ಇದ್ದರೆ ಬೇಸಿಗೆಗೆ ಮಾತ್ರ. ನನ್ನದು ಬೇಸಿಗೆಯದು, ಮತ್ತು ಹೊರಳಿದಾಗೆಲ್ಲ ಚಿಪ್ಸ್ ಪೊಟ್ಟಣದ ಸದ್ದು ಮಾಡುವಂಥದ್ದು. ತೊರೆಯ ಸದ್ದು ಕೇಳಲೇ ಇಲ್ಲ.

ಬೆಳಗಿನ ಹೊತ್ತಿಗೆ ನನ್ನ ಉಸಿರೆಲ್ಲ ಟೆಂಟಿನ ಒಳಮೈಗೆ ಅಂಟಿ ಹಿಮದ ಪುಡಿಯಾಗಿತ್ತು. ಗೆಳೆಯ ಬಂದು, ಎದ್ದೆಯೇನೋ ಅಂತ ಪ್ರೀತಿಯಿಂದ ಟೆಂಟನ್ನು ತಟ್ಟಿದ. ಅಷ್ಟೂ ನನ್ನ ಮುಖದ ಮೇಲೆ ಬಿತ್ತು.

“ಒಳಗೂ ಹಿಮ ಬಿತ್ತಾ?” ಅಂದ.

ನೀರು ಸೋಸುವ ಫಿಲ್ಟರ್ ಕೂಡ ರಾತ್ರಿ ಹೆಪ್ಪುಗಟ್ಟಿತ್ತು. ಅದರೊಳಗೆ ಸಣ್ಣ ಸಣ್ಣ ಪೊಳ್ಳು ಎಳೆಗಳಿರುತ್ತವೆ. ಉಳಿದ ನೀರು ಮಂಜುಗಡ್ಡೆಯಾಗಿ ಹಿಗ್ಗಿದರೆ ಅವು ಸೀಳುತ್ತವೆ, ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಒಮ್ಮೆ ಹೆಪ್ಪುಗಟ್ಟಿದ ಮೇಲೆ ಅದನ್ನು ನಂಬುವಂತಿಲ್ಲ. ಚಳಿಯಲ್ಲಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಬೇಕಂತೆ. ಅಂದರೆ ಗ್ಯಾಸ್ ಡಬ್ಬಿ, ಫಿಲ್ಟರ್, ಫೋನು, ಟಾರ್ಚು, ಎಲ್ಲರಿಗೂ ಒಳಗೆ ಜಾಗ. ಸದ್ಯ, ಬೂಟುಗಳು ಕೇಳಲಿಲ್ಲ.

ಟೆಂಟನ್ನು ಅದರ ಚೀಲಕ್ಕೆ ತುಂಬುವುದರಲ್ಲಿ ಅರ್ಧ ಬೆಳಗು ಹೋಯಿತು. ಉರುಳಿಸಿ, ಸುತ್ತಿ, ಮೊಣಕಾಲಲ್ಲಿ ಒತ್ತಿದರೂ ಅರ್ಧ ಹೊರಗೇ ಉಳಿಯಿತು. ಕೊನೆಗೆ ಒದ್ದೆ ಟೆಂಟನ್ನು ಹಾಗೇ ಬೆನ್ನುಚೀಲಕ್ಕೆ ಕಟ್ಟಿಕೊಂಡೆ. ಅಷ್ಟೊಂದು ಪಟ್ಟಿಗಳು ಯಾಕಿದ್ದವು ಅಂತ ಆಗ ತಿಳಿಯಿತು.

ಇಳಿಯುವಾಗ ಒಬ್ಬ ಹುಡುಗ ಎದುರಾದ. ಬೆನ್ನುಚೀಲ ಫಳಫಳ ಹೊಳೆಯುತ್ತಿತ್ತು, ಒಂದು ಪಟ್ಟಿಗೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

“ಸಾರ್, ಮೇಲೆ ರಾತ್ರಿ ತುಂಬಾ ಚಳಿ ಇರುತ್ತಾ?” ಅಂತ ಕೇಳಿದ.

ಗೆಳೆಯ ನಿಂತು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಂಭೀರವಾಗಿ ಕೇಳಿದ: “ನಿಮ್ಮ ತೂಕ ಎಷ್ಟು?”