ನೂರು ಜನರ ಊರಿಗೂ ಬಸ್ಸು

"ಟಿಕೆಟ್ ಏನೋ ಫ್ರೀ ಐತಪಾ ತಮ್ಮಾ. ಆದ್ರ ಸಂಜಿ ಬಸ್ ತಪ್ಪಿದ್ರ ಹಾವೇರ್ಯಾಗ ಕುಂದರೂದ ಆಕ್ಕೈತಿ." ಅಕ್ಕ ಫೋನಿನಲ್ಲಿ ಹೀಗೆ ಹೇಳುವಾಗ ನಾನು ಸ್ವಿಟ್ಜರ್ಲೆಂಡಿನ ಹಳ್ಳಿಯೊಂದರಲ್ಲಿ ರೈಲು ಇಳಿದು, ಅಲ್ಲಿನ ಅಂಚೆ ಸಂಸ್ಥೆ ಓಡಿಸುವ ಹಳದಿ ಪೋಸ್ಟ್ ಬಸ್ ಹತ್ತಿದ್ದೆ. ನನ್ನನ್ನೂ ಸೇರಿಸಿ ಬಸ್ಸಿನಲ್ಲಿ ಮೂವರು. ರೈಲು ಎರಡು ನಿಮಿಷ ತಡವಾಗಿತ್ತು, ಡ್ರೈವರ್ ನಮಗಾಗಿ ಕಾದಿದ್ದ.

ಶಕ್ತಿ ಯೋಜನೆಯನ್ನು ನಾನು ಮನಸಾರೆ ಒಪ್ಪುತ್ತೇನೆ. 2023ರ ಜೂನ್ 11ರಿಂದೀಚೆಗೆ ಅಕ್ಕ ಆಸ್ಪತ್ರೆಗೆ, ಸಂತೆಗೆ, ತವರಿಗೆ ಹೋಗಬೇಕಾದರೆ ಬಸ್ ಚಾರ್ಜಿಗೆಂದು ಯಾರ ಮುಂದೆಯೂ ಕೈ ಚಾಚಿಲ್ಲ. ಅದನ್ನು ಬಿಟ್ಟಿ ಭಾಗ್ಯವೆಂದು ಹೀಗಳೆಯುವವರ ಜೊತೆ ನನಗೆ ಜಗಳವಿದೆ. ಆದರೆ ಹತ್ತುವವರು ಹೆಚ್ಚಿದಷ್ಟು ಬಸ್ಸೂ ಹೆಚ್ಚಬೇಕಲ್ಲ?

ಇಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಟಿಕೆಟ್ ಬಲು ದುಬಾರಿ. ದೇಶವೆಲ್ಲ ಓಡಾಡುವ ವರ್ಷದ ಪಾಸಿಗೆ ಸುಮಾರು 4 ಸಾವಿರ ಫ್ರಾಂಕ್. ಅದನ್ನು ನಾನು ಹೊಗಳಲಾರೆ. ನಾನು ಮೆಚ್ಚುವುದು ಇವರ ಒಂದು ನಿಯಮವನ್ನು: ವರ್ಷವಿಡೀ 100 ಜನ ವಾಸಿಸುವ ಊರಿದ್ದರೆ ಸಾಕು, ಅಲ್ಲಿಗೆ ಸಾರ್ವಜನಿಕ ಸಾರಿಗೆ ಕೊಡಲು ಸರ್ಕಾರದ ದುಡ್ಡು ಸಿಗುತ್ತದೆ. ಲಾಭ ಬರುತ್ತದೆಯೇ ಎಂಬುದು ಆಮೇಲಿನ ಮಾತು.

ಇನ್ನೊಂದು, ಇವರು ಮೊದಲು ವೇಳಾಪಟ್ಟಿ ಬರೆದು ಆಮೇಲೆ ಹಳಿ ಹಾಕುತ್ತಾರೆ. 1982ರಲ್ಲಿ ದೇಶದಾದ್ಯಂತ ಗಂಟೆಗೊಂದು ರೈಲು ಬಂತು. 1987ರಲ್ಲಿ ಜನ ಮತ ಹಾಕಿ 'ರೈಲು 2000' ಯೋಜನೆಯನ್ನು ಒಪ್ಪಿದರು. ದೊಡ್ಡ ಜಂಕ್ಷನ್ನುಗಳಿಗೆ ಎಲ್ಲ ದಿಕ್ಕಿನ ರೈಲುಗಳೂ ಗಡಿಯಾರ ಗಂಟೆ ಹೊಡೆಯುವ ಸ್ವಲ್ಪ ಮೊದಲು ಬಂದು, ಹೊಡೆದ ಸ್ವಲ್ಪ ಹೊತ್ತಿಗೆ ಹೊರಡಬೇಕು. ಒಂದರಿಂದ ಇಳಿದವರಿಗೆ ಇನ್ನೊಂದು ಸಿಗಬೇಕು. ಹಾಗಾಗಬೇಕಾದರೆ ಜ್ಯೂರಿಕ್‌ನಿಂದ ಬರ್ನ್‌ಗೆ ಒಂದು ಗಂಟೆಯೊಳಗೆ ತಲುಪಲೇಬೇಕು. ಅದಕ್ಕೆಂದೇ ಸುಮಾರು 45 ಕಿ.ಮೀ. ಹೊಸ ಹಳಿ ಹಾಕಿದರು. 2004ರ ಡಿಸೆಂಬರಿನಿಂದ ಆ ಪ್ರಯಾಣ 56 ನಿಮಿಷ. ರೈಲಿನ ವೇಗ 200 ಕಿ.ಮೀ. ಕೆಲಸಕ್ಕೆ ಅಷ್ಟು ಸಾಕಿತ್ತು, 300ರ ಹಿಂದೆ ಬೀಳಲಿಲ್ಲ.

ದುಡ್ಡಿಗೂ ಕಟ್ಟುಪಾಡಿದೆ. 2014ರಲ್ಲಿ ಶೇ. 62ರಷ್ಟು ಮತದಾರರು ರೈಲಿಗೆಂದೇ ಒಂದು ಕಾಯಂ ನಿಧಿ ಒಪ್ಪಿದರು. ಭಾರಿ ಲಾರಿಗಳ ಶುಲ್ಕ, ತೆರಿಗೆಯ ಒಂದು ಪಾಲು, ರಾಜ್ಯಗಳ ಹಣ ಎಲ್ಲ ಅದಕ್ಕೇ ಸೇರುತ್ತವೆ. ಬಜೆಟ್ಟಿನ ದಿನ ಯಾರ ಮುಖವನ್ನೂ ನೋಡಬೇಕಿಲ್ಲ.

ಪಕ್ಕದ ಜರ್ಮನಿಯಲ್ಲಿ ಬೇರೆಯೇ ಕಥೆ. 2023ರ ಮೇ ತಿಂಗಳಲ್ಲಿ ದೇಶದ ಎಲ್ಲ ಸ್ಥಳೀಯ ರೈಲು, ಬಸ್ಸು, ಟ್ರಾಮು ಹತ್ತಬಹುದಾದ ಪಾಸು ಬಂತು, ಆಗ ತಿಂಗಳಿಗೆ 49 ಯೂರೋ ಇತ್ತು, ಆಮೇಲೆ ಏರಿತು. ಒಳ್ಳೆಯ ಕೆಲಸವೇ. ಆದರೆ ದಶಕಗಟ್ಟಲೆ ಹಳಿಗೆ ಸಾಕಷ್ಟು ದುಡ್ಡು ಹಾಕದ ಕಾರಣ 2024ರಲ್ಲಿ ದೂರದ ರೈಲುಗಳಲ್ಲಿ ನೂರಕ್ಕೆ ಸುಮಾರು 62 ಮಾತ್ರ ಹೊತ್ತಿಗೆ ಸರಿಯಾಗಿ ತಲುಪಿದವು, ಅದೂ ಆರು ನಿಮಿಷದೊಳಗಿನ ತಡವನ್ನು ಲೆಕ್ಕಕ್ಕೆ ಹಿಡಿಯದೆ. ತೀರಾ ತಡವಾದವನ್ನು ಸ್ವಿಸ್‌ನವರು ಗಡಿಯ ಬಾಸೆಲ್‌ನಲ್ಲೇ ನಿಲ್ಲಿಸಿ, ಪ್ರಯಾಣಿಕರನ್ನು ತಮ್ಮ ರೈಲಿಗೆ ಹತ್ತಿಸಿಕೊಳ್ಳುತ್ತಾರೆ.

"ಅದು ಸಣ್ಣ ದೇಶ, ದುಡ್ಡಿದ್ದವರ ದೇಶ" ಅನ್ನುತ್ತಾರೆ ಗೆಳೆಯರು. ಸರಿ, ದುಡ್ಡು ಬೇಡದ ಕೆಲಸವನ್ನೇ ಮೊದಲು ಹಿಡಿಯೋಣ. ಹಾವೇರಿಯಲ್ಲಿ ಬೆಂಗಳೂರು–ಹುಬ್ಬಳ್ಳಿ ರೈಲುಗಳು ನಿಲ್ಲುತ್ತವೆ. ಹಳ್ಳಿಹಳ್ಳಿಗೂ ಹೋಗಿ ಬರುವ ಕೆಂಪು ಬಸ್ಸಿನ ಅಭ್ಯಾಸ ನಮಗೆ ಹಿಂದಿನಿಂದಲೂ ಇದೆ, ಎಷ್ಟೋ ರಾಜ್ಯಗಳಿಗೆ ಅದಿಲ್ಲ. ಸಂಜೆಯ ರೈಲು ಬಂದ ಹತ್ತು ನಿಮಿಷಕ್ಕೆ ಸ್ಟೇಷನ್ನಿನ ಎದುರಿನಿಂದಲೇ ನಾಲ್ಕು ದಿಕ್ಕಿಗೆ ನಾಲ್ಕು ಬಸ್ ಹೊರಡಲಿ. ರೈಲು ತಡವಾದರೆ ಬಸ್ಸೂ ಕಾಯಲಿ. ಒಂದೇ ಜಿಲ್ಲೆ, ಒಂದೇ ವರ್ಷ. ಅಕ್ಕನಿಗೆ ಇದನ್ನು ಹೇಳಿದೆ. "ಕಡೀ ಬಸ್ ಎಂಟಕ್ಕ ಬಿಡ್ಲಿ ಅಂತ ಬರಿ" ಅಂದಳು. ಬರೆದಿದ್ದೇನೆ.