1.4 ವೋಲ್ಟ್ ನಡೀತೈತೇನ್ರಿ?

ಓವರ್‌ಕ್ಲಾಕಿಂಗ್ ಅಂದ್ರ ಕಂಪ್ಯೂಟರಿನ ಪ್ರೊಸೆಸರ್ ಚಿಪ್ಪನ್ನ ಕಂಪನಿ ಇಟ್ಟ ವೇಗಕ್ಕಿಂತ (ಕ್ಲಾಕ್) ಜೋರಾಗಿ ಓಡಿಸೂದು. ಅದನ್ನ ಶುರು ಮಾಡಿದವರು ಚಿಪ್ಪಿಗೆ ಕೊಡೂ ವೋಲ್ಟೇಜ್ ಬಗ್ಗೆ ಮೊದಲು ಕೇಳೂ ಪ್ರಶ್ನೆ ಇದ. ಬರೇ ವೋಲ್ಟೇಜ್ ಅಂಕಿ ಹೇಳಿ "ಸೇಫ್ ಐತೇನ್ರಿ?" ಅಂದ್ರ ಉತ್ತರ ಕೊಡಾಕ ಬರಂಗಿಲ್ಲ. ಆ ವೋಲ್ಟೇಜಿಗೆ ಎಷ್ಟು ಆಂಪಿಯರ್ ಹರಿಯಾಕತ್ತೈತಿ, ಚಿಪ್ ಎಷ್ಟು ಡಿಗ್ರಿ ಕಾದೈತಿ, ಇವೆರಡೂ ಗೊತ್ತಾದ ಮ್ಯಾಲನ 1.4 ಅನ್ನೂದಕ್ಕ ಅರ್ಥ. ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇನ್ನೊಂದನ್ನೂ ಕೇಳಬೇಕು: ಮಷೀನ್ ಇಟ್ಟ ಕೋಲಿ ಎಷ್ಟು ಕಾದೈತಿ?

ಎಎಂಡಿ ಕಂಪನಿಯ ರೈಜನ್ 5600ಎಕ್ಸ್ ಚಿಪ್ ಇದ್ದವರು ಹೆಚ್‌ಡಬ್ಲ್ಯೂಇನ್ಫೋ (ಚಿಪ್ಪಿನ ವೋಲ್ಟೇಜ್, ಉಷ್ಣತೆ ತೋರಸೂ ಸಾಫ್ಟ್‌ವೇರ್) ತೆರೆದು ನೋಡ್ರಿ. ಯಾವ ಸೆಟ್ಟಿಂಗ್ ಮುಟ್ಟದಿದ್ರೂ ಆಗಾಗ 1.45 ತೋರಸತೈತಿ. ಗಾಬರಿ ಬ್ಯಾಡ. ಆಗ ಚಿಪ್ಪಿನ ಆರು ಕೋರಿನ್ಯಾಗ (ಕೆಲಸ ಮಾಡೂ ಘಟಕ) ಒಂದೋ ಎರಡೋ ಅಷ್ಟ ದುಡಿಯತಿರತಾವ, ಕರೆಂಟ್ ಕಡಿಮಿ ಇರತೈತಿ. ಆರೂ ಕೋರಿಗೆ ಲೋಡ್ ಬಿದ್ದ ಕೂಡಲೇ ಚಿಪ್ ತಾನ ವೋಲ್ಟೇಜ್ ಇಳಸತೈತಿ. "ಕಂಪನಿಯವರ 1.45 ಕೊಟ್ಟಾರ, ನಾನೂ ಕೊಡತೀನಿ" ಅಂತ ಬಯಾಸ್ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಒಳಗ ಎಲ್ಲಾ ಕೋರಿಗೂ, ಅಂದ್ರ ಆಲ್-ಕೋರ್‌ಗೆ 1.45 ಫಿಕ್ಸ್ ಮಾಡಿದ್ರ, ಹಂಗ ಇಳಸೂ ದಾರಿನ ಬಂದ್ ಆತು. ಅಷ್ಟೂ ಕರೆಂಟ್ ಅಷ್ಟ ಎತ್ತರದ ವೋಲ್ಟೇಜಿನ್ಯಾಗ ಹರಿಯತೈತಿ. ಚಿಪ್ ಹಾಳಾಗೂದು ಇಲ್ಲೇ.

ದಿನಾ ಓಡಿಸೂ ಮಷೀನಿಗೆ ನಾ ಹೇಳೂ ಮಿತಿ ಇಷ್ಟು, ಅದೂ ಪೂರ್ತಿ ಲೋಡ್ ಇದ್ದಾಗ ಅಳೆದದ್ದು. ರೈಜನ್ 5000 ಆಲ್-ಕೋರ್ 1.25, ಭಾಳಂದ್ರ 1.30. ಇಂಟೆಲ್‌ನ 8700ಕೆ, 9900ಕೆ, 10700ಕೆ ಅಂಥ 14 ನ್ಯಾನೋಮೀಟರ್ ಚಿಪ್‌ಗಳಿಗೆ 1.35. 12ರಿಂದ 14ನೇ ಪೀಳಿಗಿಗೆ 1.30. ಆ 14 ನ್ಯಾನೋಮೀಟರ್ ಚಿಪ್‌ಗಳ ಇಂಟೆಲ್ ಡೇಟಾಶೀಟ್‌ನ್ಯಾಗ 1.52 ಅಂತ ಐತೆಲ್ಲಾ ಅಂತ ವಾದ ಮಾಡವರು ಅದಾರ. ಅದು ಚಿಪ್ ಕೇಳಬಹುದಾದ ವೋಲ್ಟೇಜಿನ ತುತ್ತತುದಿ, ಇಪ್ಪತ್ನಾಲ್ಕು ತಾಸು ರೆಂಡರ್ ಮಾಡಾಕ ಬರೆದ ಅಂಕಿ ಅಲ್ಲ.

ಲೆಕ್ಕ ನೋಡ್ರಿ. ಚಿಪ್ ತಿನ್ನೂ ಪವರ್ ಕ್ಲಾಕ್ ಏರಿದಷ್ಟು ಏರತೈತಿ, ಆದ್ರ ವೋಲ್ಟೇಜಿನ ವರ್ಗಕ್ಕ ತಕ್ಕಂಗ ಏರತೈತಿ. 4.4 ಗಿಗಾಹರ್ಟ್ಸ್ 1.20 ವೋಲ್ಟ್‌ನಿಂದ 4.7 ಗಿಗಾಹರ್ಟ್ಸ್ 1.35 ವೋಲ್ಟ್‌ಗೆ ಹೋದ್ರ ವೇಗ ಸಿಗೂದು ಸುಮಾರು 7 ಪರ್ಸೆಂಟ್, ಶಾಖ ಬರೂದು ಸುಮಾರು 35 ಪರ್ಸೆಂಟ್. ಲೀಕೇಜ್ (ಚಿಪ್ಪಿನ್ಯಾಗ ಸುಮ್ಮನ ಸೋರೂ ಕರೆಂಟ್) ಬ್ಯಾರೆ. ಮದುವಿ ವಿಡಿಯೋ ಎಡಿಟ್ ಮಾಡೂ ಸ್ಟುಡಿಯೋದವರು, ಗದಗಿನ ಪ್ರೆಸ್ಸಿನ್ಯಾಗ ಡಿಸೈನ್ ಮಾಡವರು ಇದನ್ನ ಮನಸ್ಸಿನ್ಯಾಗ ಇಟ್ಕೋಬೇಕು. ನಿಮ್ಮ ಮಷೀನಿಗೆ ಲೋಡ್ ಐದು ನಿಮಿಷದ್ದಲ್ಲ, ತಾಸುಗಟ್ಟಲೆ ಇರತೈತಿ.

ಬ್ಯಾಸಗಿ ಮಾತು ಇಲ್ಲೇ ಬರತೈತಿ. ಗಾಳಿ ಕೂಲರ್ ಇರಲಿ, ನೀರಿನ ಕೂಲರ್ ಇರಲಿ, ಅದು ಚಿಪ್ಪನ್ನ ಕೋಲಿ ಗಾಳಿಕಿಂತ ತಣ್ಣಗ ಮಾಡಂಗಿಲ್ಲ. ಡಿಸೆಂಬರ್‌ದಾಗ ಕೋಲಿ 24 ಡಿಗ್ರಿ ಇದ್ದಾಗ ಲೋಡ್ ಮ್ಯಾಲ 78 ತೋರಿಸಿದ ಚಿಪ್, ಏಪ್ರಿಲ್‌ದಾಗ ಕೋಲಿ 36 ಆದ್ರ ಸೀದಾ 90. 5800ಎಕ್ಸ್‌ಗೆ ಅದ ಕಡೀ ಮಿತಿ. ಅದಕ್ಕ ಚಳಿಗಾಲದಾಗ ಟ್ಯೂನ್ ಮಾಡವರು 12ರಿಂದ 15 ಡಿಗ್ರಿ ಜಾಗ ಬಿಟ್ಟ ಮಾಡ್ರಿ. ನಮ್ಮೂರ ಧೂಳಿಗೆ ಕೇಸಿನ ಫಿಲ್ಟರ್ ತಿಂಗಳಿಗೊಮ್ಮೆ ಝಾಡಿಸಲೇಬೇಕು, ಇಲ್ಲಾಂದ್ರ ಈ ಲೆಕ್ಕನೂ ತಪ್ಪತೈತಿ.

ವೋಲ್ಟೇಜ್ ಜಾಸ್ತಿ ಆದ್ರ ಹೊಗಿ ಬಂದು ಚಿಪ್ ಸಾಯತೈತಿ ಅಂತ ಭಾಳ ಮಂದಿ ತಿಳಕೊಂಡಾರ. ಸಾಮಾನ್ಯವಾಗಿ ಹಂಗ ಆಗಂಗಿಲ್ಲ. ಕರೆಂಟಿನ ರಭಸಕ್ಕ ಚಿಪ್ಪಿನ ಒಳಗಿನ ಸಣ್ಣ ತಂತಿಗಳ ಲೋಹದ ಪರಮಾಣುಗಳು ನಿಧಾನಕ್ಕ ಸರಕೊಂತ ಹೋಗತಾವ. ಇದಕ್ಕ ಎಲೆಕ್ಟ್ರೋಮೈಗ್ರೇಶನ್ ಅಂತಾರ. ಜೇಮ್ಸ್ ಬ್ಲ್ಯಾಕ್ 1969ರಾಗ ಕೊಟ್ಟ ಸೂತ್ರದ ಪ್ರಕಾರ ಕರೆಂಟ್ ಸಾಂದ್ರತೆ ಏರಿದ್ರ ಆಯುಷ್ಯ ಇಳಿಯತೈತಿ, ಉಷ್ಣತೆ ಏರಿದ್ರ ಇನ್ನೂ ಜೋರಾಗಿ ಇಳಿಯತೈತಿ. ಕಣ್ಣಿಗೆ ಕಾಣೂ ಲಕ್ಷಣ ಒಂದ: 1.25ಕ್ಕ ಗಟ್ಟಿ ನಿಂತಿದ್ದ ಕ್ಲಾಕ್ ಈಗ 1.28 ಕೇಳತೈತಿ. ವಿಂಡೋಸ್ ಈವೆಂಟ್ ವ್ಯೂವರ್ ಒಳಗ ಡಬ್ಲ್ಯೂಎಚ್‌ಇಎ-ಲಾಗರ್ 18 ಅಥವಾ 19 ಅನ್ನೂ ಹಾರ್ಡ್‌ವೇರ್ ದೋಷದ ದಾಖಲೆ ಬೀಳಾಕ ಶುರು ಆಗತೈತಿ. ಆಗ ವೋಲ್ಟೇಜ್ ಏರಿಸಬ್ಯಾಡ್ರಿ, ಕ್ಲಾಕ್ ಇಳಸ್ರಿ.

ಬಯಾಸ್ ಒಳಗ ಬರೆದ ಅಂಕಿನೂ ಚಿಪ್ಪಿಗೆ ಮುಟ್ಟೂ ಅಂಕಿನೂ ಒಂದ ಅಲ್ಲ. ಕರೆಂಟ್ ಏರಿದಂಗ ವೋಲ್ಟೇಜ್ ಇಳಿಯೂ ಪ್ರಮಾಣಕ್ಕ ಲೋಡ್‌ಲೈನ್ ಅಂತಾರ. ಲೋಡ್‌ಲೈನ್ 1.1 ಮಿಲಿಓಮ್ ಇದ್ದು 120 ಆಂಪಿಯರ್ ಹರಿದ್ರ 0.132 ವೋಲ್ಟ್ ಕುಸಿಯತೈತಿ. ನೀವು ಇಟ್ಟದ್ದು 1.35, ಚಿಪ್ಪಿಗೆ ಸಿಗೂದು 1.22ರ ಹತ್ತಿರ. ಇದು ದೋಷ ಅಲ್ಲ, ಬೇಕಂತನ ಹಂಗ ಮಾಡ್ಯಾರ. ಇದನ್ನ ತುಂಬಾಕ ಲೋಡ್‌ಲೈನ್ ಕ್ಯಾಲಿಬ್ರೇಶನ್ ಪೂರ್ತಿ ಏರಿಸಿದ್ರ, ಲೋಡ್ ತಟ್ಟನೆ ಬಿಟ್ಟಾಗ ವೋಲ್ಟೇಜ್ ಇಟ್ಟ ಅಂಕಿಕಿಂತ ಮ್ಯಾಲ ಜಿಗಿಯತೈತಿ. ಆ ಜಿಗಿತ ಮೈಕ್ರೋಸೆಕೆಂಡಿನದು, ಹೆಚ್‌ಡಬ್ಲ್ಯೂಇನ್ಫೋ ಓದೂದು ಎರಡು ಸೆಕೆಂಡಿಗೊಮ್ಮೆ. ಆಸಿಲೋಸ್ಕೋಪ್ ಇಲ್ಲದ ಕಾಣಂಗಿಲ್ಲ. ನಡುವಿನ ಮಟ್ಟ ಸಾಕು. ಮಟ್ಟದ ನಂಬರ್ ಬೋರ್ಡ್ ಕಂಪನಿಗೊಂದು ನಮೂನಿ. ಏಸುಸ್‌ನ್ಯಾಗ ದೊಡ್ಡ ನಂಬರ್ ಅಂದ್ರ ಜೋರು, ಎಎಸ್‌ರಾಕ್ ಮತ್ತ ಎಂಎಸ್‌ಐನ್ಯಾಗ 1 ಅನ್ನೂದ ಎಲ್ಲಾದ್ಕಿಂತ ಜೋರು. ಯಾರದೋ ಸ್ಕ್ರೀನ್‌ಶಾಟ್ ನೋಡಿ ನಂಬರ್ ಹಾಕಬ್ಯಾಡ್ರಿ.

ಕೆಲಸದ ಕ್ರಮ: ಮೊದಲು ಡಿಫಾಲ್ಟ್ ಮ್ಯಾಲ ಸಿನಿಬೆಂಚ್ ಆರ್23 (ಎಲ್ಲಾ ಕೋರಿಗೂ ಲೋಡ್ ಹಾಕೂ ಪರೀಕ್ಷಾ ಸಾಫ್ಟ್‌ವೇರ್) ಹತ್ತು ನಿಮಿಷ ಓಡಿಸಿ ವೋಲ್ಟೇಜ್, ಆಂಪಿಯರ್, ಉಷ್ಣತೆ ಬರಕೋರಿ. ವೋಲ್ಟೇಜ್ 'ಆಟೋ' ಬಿಡಬ್ಯಾಡ್ರಿ, ಮಲ್ಟಿಪ್ಲೈಯರ್ (ಕ್ಲಾಕ್ ಎಷ್ಟಂತ ನಿರ್ಧರಿಸೂ ಗುಣಕ) ಏರಿಸಿದ್ರ ಬೋರ್ಡ್ ಹೇಳದ ಕೇಳದ ವೋಲ್ಟೇಜ್ ಸುರಿಯತೈತಿ. 1.20 ಇಟ್ಟು ಮಲ್ಟಿಪ್ಲೈಯರ್ ಒಂದೊಂದ ಏರಸ್ರಿ. ಕ್ರ್ಯಾಶ್ ಆದ್ರ 10ರಿಂದ 15 ಮಿಲಿವೋಲ್ಟ್ ಕೂಡಸ್ರಿ. 100 ಮೆಗಾಹರ್ಟ್ಸ್‌ಗೆ 50 ಮಿಲಿವೋಲ್ಟ್‌ಕಿಂತ ಹೆಚ್ಚು ಕೇಳಾಕತ್ತಿದ್ರ ಒಂದು ಹೆಜ್ಜಿ ಹಿಂದ ಬಂದು ಅಲ್ಲೇ ನಿಲ್ಲಸ್ರಿ. ಲೋಡ್ ಮ್ಯಾಲ 85 ದಾಟಿದ್ರ ವೋಲ್ಟೇಜ್ ಎಷ್ಟ ಇರಲಿ, ನನ್ನ ಪ್ರಕಾರ ಅದು ಜಾಸ್ತಿನ.

ಖರೇ ಹೇಳಬೇಕಂದ್ರ ರೈಜನ್ 5000, 7000 ಇದ್ದವರಿಗೆ ಕೈಯಿಂದ ವೋಲ್ಟೇಜ್ ಫಿಕ್ಸ್ ಮಾಡೂಕಿಂತ ಕರ್ವ್ ಆಪ್ಟಿಮೈಜರ್ (ಚಿಪ್ ತಾನ ಕೇಳೂ ವೋಲ್ಟೇಜನ್ನ ಇಳಸೂ ಬಯಾಸ್ ಸೆಟ್ಟಿಂಗ್) ಉತ್ತಮ. ನೆಗೆಟಿವ್ 10ರಿಂದ ಶುರು ಮಾಡ್ರಿ, ಒಂದೊಂದು ಅಂಕಿಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯತೈತಿ. ಇದು ಕೈಕೊಡೂದು ಜೋರ ಲೋಡಿನ್ಯಾಗ ಅಲ್ಲ, ಸುಮ್ಮನ ಬ್ರೌಸರ್ ತೆರೆದಾಗ. ಅದಕ್ಕ ಒಂದೊಂದ ಕೋರ್ ಪರೀಕ್ಷಿಸೂ ಕೋರ್‌ಸೈಕ್ಲರ್ ರಾತ್ರಿಪೂರ್ತಿ ಓಡಸ್ರಿ.

ಎಎಂ5 ಬೋರ್ಡಿನವರು (ರೈಜನ್ 7000 ಕೂಡೂ ಬೋರ್ಡ್) ಎಕ್ಸ್‌ಪೋ (ರ‍್ಯಾಮ್ ವೇಗ ಏರಿಸೂ ಸೆಟ್ಟಿಂಗ್) ಆನ್ ಮಾಡಿದ ಮ್ಯಾಲ ಎಸ್‌ಒಸಿ ವೋಲ್ಟೇಜ್ (ಚಿಪ್ಪಿನ ಮೆಮೊರಿ ಕಂಟ್ರೋಲರ್ ಇರೂ ಭಾಗಕ್ಕ ಹೋಗೂದು) ನೋಡ್ರಿ. 2023ರಾಗ 7800ಎಕ್ಸ್3ಡಿ ಚಿಪ್‌ಗಳು ಸುಟ್ಟದ್ದು ಇದು ಏರಿದ್ದಕ್ಕ. ಆಮ್ಯಾಲ ಎಎಂಡಿ 1.30ಕ್ಕ ಮಿತಿ ಹಾಕೇತಿ. ಹಳೇ ಬಯಾಸ್ ಇದ್ರ ಮೊದಲು ಅಪ್‌ಡೇಟ್ ಮಾಡ್ರಿ.

ಸೆಕೆಂಡ್ ಹ್ಯಾಂಡ್ 13, 14ನೇ ಪೀಳಿಗಿಯ ಇಂಟೆಲ್ ಐ7, ಐ9 ತಗೊಳ್ಳೂವಾಗ ಎಚ್ಚರ. ಡಿಫಾಲ್ಟ್ ಮ್ಯಾಲನ ವೋಲ್ಟೇಜ್ ಜಾಸ್ತಿ ಕೇಳಿ ಅವು ಸವೆದಿದ್ದು 2024ರಾಗ ಇಂಟೆಲ್ ಒಪ್ಪಿಕೊಂಡು, 0ಎಕ್ಸ್129 ಮೈಕ್ರೋಕೋಡಿನ್ಯಾಗ (ಬಯಾಸ್ ಅಪ್‌ಡೇಟ್ ಜೋಡಿ ಬರೂ, ಚಿಪ್ಪಿನ ಒಳಗಿನ ಕೋಡ್) 1.55ಕ್ಕ ಕಡಿವಾಣ ಹಾಕಿತು, ವಾರಂಟಿ ಎರಡು ವರ್ಷ ಹೆಚ್ಚಿಸಿತು. ಆಗಲೇ ಸವೆದ ಚಿಪ್ಪಿಗೆ ಮೈಕ್ರೋಕೋಡ್ ಮದ್ದಲ್ಲ. ಅನ್‌ರಿಯಲ್ ಎಂಜಿನ್ ಗೇಮ್ ಶುರು ಆಗೂ ಮುಂದ ಶೇಡರ್ (ಚಿತ್ರ ಬಿಡಿಸೂ ಕೋಡ್) ಕಂಪೈಲ್ ಮಾಡೂವಾಗ "ಔಟ್ ಆಫ್ ವಿಡಿಯೋ ಮೆಮೊರಿ" ಅಂದ್ರ ಗ್ರಾಫಿಕ್ಸ್ ಕಾರ್ಡ್ ಬೈಯೂಕಿಂತ ಮೊದಲು ಈ ಚಿಪ್ ಮ್ಯಾಲ ಸಂಶಯ ಪಡ್ರಿ.

ಕಾಮೆಂಟಿನ್ಯಾಗ ಕೇಳವರು ಚಿಪ್, ಬೋರ್ಡ್, ಬಯಾಸ್ ಆವೃತ್ತಿ, ಕೂಲರ್, ಲೋಡ್ ಮ್ಯಾಲಿನ ವೋಲ್ಟೇಜ್, ಆಂಪಿಯರ್, ಡಿಗ್ರಿ, ಕೋಲಿ ಉಷ್ಣತೆ ಇಷ್ಟೂ ಬರೀರಿ, ನಾ ಉತ್ತರ ಕೊಡತೀನಿ.