ತಪ್ಪು ವಿಂಡೋಸ್‌ನದ್ದಲ್ಲ

ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಾಳಮದ್ದಳೆ ಕ್ಯಾಸೆಟ್‌ಗಳನ್ನು ಎಂಪಿ3 ಮಾಡಿಡುವ ಗುಂಪು ನಮ್ಮದು, ಅದಕ್ಕೆ ನಮ್ಮದೇ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ ಇದೆ. ಗುಂಪಿನಲ್ಲಿ ಮೇಷ್ಟ್ರೊಬ್ಬರು ಕೇಳಿದರು: "ಸ್ಕ್ರಿಪ್ಟ್ ಅರ್ಧಕ್ಕೆ ನಿಂತುಬಿಡುತ್ತೆ, ಎರರ್ ಕೂಡ ಬರಲ್ಲ, ಏನು ಮಾಡ್ಲಿ?" ಬಂದ ಉತ್ತರ: "ನಮ್ಮ ಲಿನಕ್ಸಲ್ಲಿ ಚೆನ್ನಾಗೇ ಓಡುತ್ತೆ ಮೇಷ್ಟ್ರೇ, ವಿಂಡೋಸ್ ತೆಗೆದುಹಾಕಿ." ಅದು ಶಾಲೆಯ ಕಂಪ್ಯೂಟರ್. ಅವರು ಹೇಗೆ ತೆಗೆಯುತ್ತಾರೆ?

ಸ್ಕ್ರಿಪ್ಟ್ ದೊಡ್ಡದೇನಲ್ಲ. ಪೈಥಾನ್ ಭಾಷೆಯಲ್ಲಿ ಬರೆದದ್ದು; ಆಡಿಯೋ-ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಎನ್ನುವ ಪ್ರೋಗ್ರಾಂ ಓಡಿಸಿ, ರೆಕಾರ್ಡ್ ಮಾಡಿದ ವೇವ್ ಫೈಲನ್ನು ಎಂಪಿ3 ಮಾಡುತ್ತದೆ, ಅಷ್ಟೇ. ಐದು ನಿಮಿಷದ ತುಣುಕು ಸಲೀಸಾಗಿ ಆಗುತ್ತದೆ, 45 ನಿಮಿಷದ ಒಂದು ಸೈಡ್ ಪೂರ್ತಿ ಹಾಕಿದರೆ ನಿಲ್ಲುತ್ತದೆ. ಚಿಕ್ಕದು ಓಡಿ ಉದ್ದದ್ದು ನಿಂತರೆ ಸುಳಿವು ಅಲ್ಲೇ ಇದೆ ಅಲ್ವಾ? ಯಾರೂ ಆ ಕಡೆ ನೋಡಲಿಲ್ಲ. ಎಲ್ಲರಿಗೂ ವಿಂಡೋಸನ್ನು ಬೈಯುವುದೇ ಸುಲಭ.

ಓಡುತ್ತಿರುವ ಪೈಥಾನ್ ಯಾವ ಸಾಲಿನಲ್ಲಿದೆ ಅಂತ ತೋರಿಸುವ ಪೈ-ಸ್ಪೈ ಹಾಕಿ ನೋಡಿದರೆ ಪೈಥಾನ್ 'ವೇಟ್' ಎನ್ನುವ ಸಾಲಿನಲ್ಲಿ ಕೂತಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಫ್‌ಎಫ್‌ಎಂಪೆಗ್ ಮುಂದೆ ಸಿಪಿಯು ಬಳಕೆ ಸೊನ್ನೆ. ಅಂದರೆ ಎರಡೂ ಕಾಯುತ್ತಿವೆ. ಎಫ್‌ಎಫ್‌ಎಂಪೆಗ್ ಅರ್ಧ ಸೆಕೆಂಡಿಗೊಮ್ಮೆ ಕೆಲಸ ಎಷ್ಟಾಯಿತು ಅಂತ ಎರರ್ ಔಟ್‌ಪುಟ್‌ಗೆ (ಹೆಸರು ಹಾಗಿದ್ದರೂ ಇಂಥ ಮಾಹಿತಿಯೂ ಅಲ್ಲಿಗೇ ಹೋಗುತ್ತದೆ) ಒಂದು ಸಾಲು ಬರೆಯುತ್ತದೆ. ಸ್ಕ್ರಿಪ್ಟ್ ಅದನ್ನು ಪೈಪ್‌ಗೆ, ಅಂದರೆ ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದು ಓದುವವರೆಗೆ ಹಿಡಿದಿಡುವ ಜಾಗಕ್ಕೆ, ತಿರುಗಿಸಿದೆ, ಆದರೆ ಪೈಪ್‌ನಿಂದ ಓದುವ ಕೋಡೇ ಇಲ್ಲ. ಪೈಪ್ ತುಂಬಿತು, ಎಫ್‌ಎಫ್‌ಎಂಪೆಗ್ ಬರೆಯಲಾಗದೆ ನಿಂತಿತು, ಅದು ಮುಗಿಸಲಿ ಅಂತ ಪೈಥಾನ್ ಕಾಯುತ್ತಾ ಕೂತಿತು. ಲಿನಕ್ಸ್‌ನಲ್ಲಿ ಪೈಪ್‌ಗೆ 64 ಕೆಬಿ ಜಾಗ ಇರುತ್ತದೆ, ವಿಂಡೋಸ್‌ನಲ್ಲಿ ಅದಕ್ಕಿಂತ ತುಂಬಾ ಕಡಿಮೆ. ವ್ಯತ್ಯಾಸ ಇಷ್ಟೇ! ಹೀಗಾಗುತ್ತದೆ ಅಂತ ಪೈಥಾನ್‌ನ ದಾಖಲೆಯಲ್ಲೇ 'ವೇಟ್' ಕೆಳಗೆ ಎಚ್ಚರಿಕೆ ಬರೆದಿದ್ದಾರೆ.

"ಸರ್ವರ್‌ಗಳೆಲ್ಲ ಲಿನಕ್ಸೇ, ವಿಂಡೋಸ್‌ಗಾಗಿ ಯಾಕೆ ತಲೆ ಕೆಡಿಸಿಕೊಳ್ಳಬೇಕು" ಅಂತ ಒಬ್ಬರು ಕೇಳಿದರು. ರಾತ್ರಿಯಿಡೀ ನಡೆದ ಯಕ್ಷಗಾನದ ಆಟದ ವಿಡಿಯೋ ಇದೇ ಸ್ಕ್ರಿಪ್ಟಿಗೆ ಕೊಡಿ, ಅರ್ಧ ಗಂಟೆ ಓಡುವ ಕೆಲಸ ಕೊಡಿ, 64 ಕೆಬಿ ತುಂಬಿದ ಕ್ಷಣ ನಿಮ್ಮ ಲಿನಕ್ಸೂ ಹೀಗೇ ನಿಲ್ಲುತ್ತದೆ. ಮೇಷ್ಟ್ರ ಕಂಪ್ಯೂಟರ್ ನಮ್ಮ ತಪ್ಪನ್ನು ಮೊದಲೇ ತೋರಿಸಿತು. ಅವರಿಗೆ ಥ್ಯಾಂಕ್ಸ್ ಹೇಳಬೇಕಿತ್ತು, ನಾವು ಗದರಿಸಿ ಕಳಿಸಿದೆವು. ನನಗೆ ನಿಜಕ್ಕೂ ಬೇಜಾರಾಗಿರುವುದು ಇದಕ್ಕೆ.

'ವೇಟ್' ಬದಲು 'ಕಮ್ಯುನಿಕೇಟ್' ಹಾಕಿದರೆ ಅದು ಓದುತ್ತಲೇ ಕಾಯುತ್ತದೆ. ಸಾಲುಗಳು ಬೇಡವೇ ಬೇಡ ಅನ್ನುವುದಾದರೆ ಎಫ್‌ಎಫ್‌ಎಂಪೆಗ್‌ಗೆ 'ನೋಸ್ಟ್ಯಾಟ್ಸ್' ಎನ್ನುವ ಆಯ್ಕೆ ಕೊಡಿ. ಸರಿಮಾಡಿದ ಸ್ಕ್ರಿಪ್ಟ್ ಗುಂಪಿನಲ್ಲಿದೆ.

ಇನ್ನು, ಇಷ್ಟು ಹೊತ್ತಿನಲ್ಲಿ ಮುಗಿಯದಿದ್ದರೆ ನಿಲ್ಲಿಸಿಬಿಡಲು ಟೈಮ್‌ಔಟ್ ಹಾಕಿ ಎಂದು ಗುಂಪಿನಲ್ಲಿ ಹೇಳಿದ ಮಹನೀಯರಿಗೆ. ಟೈಮ್‌ಔಟ್ ಆದಾಗ ಎಫ್‌ಎಫ್‌ಎಂಪೆಗನ್ನು ನಡುವೆಯೇ ಕೊಂದರೆ ಅರ್ಧ ಎಂಪಿ3 ಫೋಲ್ಡರಲ್ಲಿ ಉಳಿಯುತ್ತದೆ. ಹೆಸರು ಸರಿ, ತೆರೆದರೆ ಭಾಗವತರ ಹಾಡೂ ಕೇಳುತ್ತದೆ, ಅರ್ಥಧಾರಿಯ ಮಾತು ಮಾತ್ರ ನಡುವೆ ಕಡಿದುಹೋಗಿರುತ್ತದೆ. ಕೊನೆಯವರೆಗೆ ಕೇಳಿ ನೋಡುವವರು ಯಾರು? ಯಾರಾದರೂ ಆಗಲೇ ಹಾಗೆ ಮಾಡಿದ್ದರೆ ದಯವಿಟ್ಟು ಇವತ್ತೇ ಪ್ರತಿ ಎಂಪಿ3ಯ ಉದ್ದವನ್ನು ಅದರ ವೇವ್ ಜೊತೆ ಹೋಲಿಸಿ. ಅಲ್ಲಿಯವರೆಗೆ ಒಂದೇ ಒಂದು ಕ್ಯಾಸೆಟ್ ಕೂಡ ಎಸೆಯಬೇಡಿ.